ಅಳತೆ ಕೊಡದ ಟೈಲರಣ್ಣ

ನಮ್ಮ ಬೀದಿಯ ಟೈಲರಣ್ಣ ಅಳತೆ ತೆಗೆಯುವುದೆಂದರೆ ಯುದ್ಧ ಸಾರಿದ ಹಾಗೆ. "ಎದೆ ನಲವತ್ತು, ಸೊಂಟ ಮೂವತ್ತಾರು" ಎಂದು ಆತ ಗುಡುಗಿದರೆ ಹೆಂಡತಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಎದುರಂಗಡಿಯವರು ಕಿವಿ ಮುಚ್ಚಿಕೊಳ್ಳಬೇಕು. ಕಾಲಿನ ಅಳತೆಗೆ ಗಿರಾಕಿಯನ್ನು ಮೇಜು ಹತ್ತಿಸಿ, "ಮಹಾರಾಜರು ಮೇಲಿರಬೇಕು" ಎನ್ನುತ್ತಾನೆ. ನಿಜವೇನೆಂದರೆ ಬಗ್ಗಿದರೆ ಹೊಟ್ಟೆ ಅಡ್ಡ ಬಂದು ಆತನಿಗೆ ಏದುಸಿರು ಹತ್ತುತ್ತದೆ. ಊರಿನ ಸೊಂಟಗಳೆಲ್ಲ ಬಾಯಿಪಾಠವಿರುವ ಈ ವೀರ ತನ್ನ ಸೊಂಟಕ್ಕೆ ಟೇಪು ಮುಟ್ಟಿಸಿ ಹತ್ತು ವರ್ಷವಾಯಿತು. ತನ್ನ ಪ್ಯಾಂಟನ್ನು ಕಣ್ಣಂದಾಜಿನಲ್ಲೇ ಕತ್ತರಿಸುತ್ತಾನೆ. ಬಿಗಿಯಾದರೆ, ಬಟ್ಟೆ ಕುಗ್ಗಿತೆಂದು ಗಿರಣಿಯವರ ವಂಶವನ್ನೇ ಬೈಯುತ್ತಾನೆ. ದಪ್ಪಗಿನವರು ಬಂದಾಗ ಮಾತ್ರ ಗುಡುಗು ಅಡಗುತ್ತದೆ. ಪರದೆ ಎಳೆದು, ಅಂಕಿಯನ್ನು ತಾನೇ ಬರೆದು, ಅದರ ಮೇಲೆ ಅಂಗೈ ಮುಚ್ಚಿ, "ಬಟ್ಟೆ ಸಾಕಾಗುತ್ತೆ ಬಿಡಿ" ಎಂದು ಪಿಸುಗುಟ್ಟುತ್ತಾನೆ. ಈಚೆಗೆ ಡಾಕ್ಟರು ಟೈಲರಣ್ಣನಿಗೇ, ಸಕ್ಕರೆ ಏರಿದೆ, ಸೊಂಟದ ಸುತ್ತಳತೆ ಬರೆದು ತನ್ನಿ ಎಂದು ಚೀಟಿ ಕೊಟ್ಟರು. ಅದು ಮೂರು ವಾರ ಗುಂಡಿ ಡಬ್ಬಿಯಲ್ಲಿ ತಲೆಮರೆಸಿಕೊಂಡಿತ್ತು. ಕೊನೆಗೆ ಹೆಂಡತಿಯೇ ಪರದೆ ಎಳೆದು ಟೇಪು ಸುತ್ತಿದಳು. ಆತ ಗೋಡೆಗೆ ಮುಖ ಮಾಡಿ, ಶಾಲೆಯಲ್ಲಿ ಶಿಕ್ಷೆಗೆ ನಿಂತವನಂತೆ ನಿಂತ. ಅವಳು ಚೀಟಿಯಲ್ಲಿ ಬರೆದು, ಅಂಗೈ ಮುಚ್ಚಿ, ಮೆಲ್ಲಗೆ ಅಂದಳು: "ಬಟ್ಟೆ ಸಾಕಾಗುತ್ತೆ ಬಿಡಿ. ಉಸಿರು ಸಾಕಾಗ್ಬೇಕಲ್ಲ."