ಎಡಗಡೆ ನೋಡಿ, ಈಗಷ್ಟೇ ಹೋಯ್ತು

ನಾನು ಅವನನ್ನು ಮೊದಲು ಕಂಡ ದಿನ ಅವನು ಪೊರಕೆ ಇಡುವ ಬೀರುವಿನ ಮುಂದೆ ನಿಂತು, ಎದೆಯ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ! ಈಗಷ್ಟೇ ಹೋಯ್ತು!" ಎಂದು ಕೂಗುತ್ತಿದ್ದ.

ಅದು ಬಂದರು ರಸ್ತೆಯ ಪ್ರವಾಸಿ ಬಸ್ಸಿನ ಆಫೀಸು. ಬೆಳಿಗ್ಗೆ ಸಮುದ್ರದ ದಂಡೆಯಿಂದ ಜನರನ್ನು ತುಂಬಿಕೊಂಡು ಹೋಗಿ, ಮೂರೂವರೆ ಗಂಟೆ ದೂರದ ರಾಷ್ಟ್ರೀಯ ಉದ್ಯಾನ ತೋರಿಸಿ, ಸಂಜೆಗೆ ತಂದು ಇಳಿಸುವುದು ಅವರ ವ್ಯಾಪಾರ. ನಮ್ಮನೆಯವರು ಸಾಯುವ ತನಕ ಆ ಬಸ್ಸು ತೊಳೆದವರು. ಆ ಋಣಕ್ಕೆ ನನ್ನನ್ನು ಹಿಂದಿನ ಕೋಣೆಯಲ್ಲಿ ಊಟದ ಪೊಟ್ಟಣ ಕಟ್ಟುವುದಕ್ಕೆ ಕರೆದಿದ್ದರು. ಕೂಗು ಕೇಳಿದ ಕೂಡಲೇ ನಾನು ಚೀಲ ಕೆಳಗಿಟ್ಟು ಪೊರಕೆ ಎತ್ತಿಕೊಂಡೆ.

"ಇಲಿಯೇನಪ್ಪಾ? ಯಾವ ಕಡೆ ಹೋಯ್ತು?"

"ಎಡಗಡೆ," ಎಂದ, ತಿರುಗದೆಯೇ. "ಇಲಿ ಅಲ್ಲ ದೊಡ್ಡಮ್ಮ, ಚಿರತೆ."

ಬೀರುವಿನೊಳಗೆ ನೋಡಿದೆ. ಒಂದು ಬಕೆಟ್ಟು, ನೆಲ ಒರೆಸುವ ಬಟ್ಟೆ, ಅರ್ಧ ಬಾಟಲಿ ಫಿನಾಯಿಲ್ ಇತ್ತು.

"ಇಲ್ಲಿ ಯಾವ ಚಿರತೆನೂ ಇಲ್ವಲ್ಲೋ."

"ಅದಕ್ಕೇ ಅಲ್ವಾ ಈಗಷ್ಟೇ ಹೋಯ್ತು ಅಂದಿದ್ದು," ಎಂದು ನಕ್ಕ. ಬೀರುವಿನ ಬಾಗಿಲಿಗೆ ಒಡೆದ ಕನ್ನಡಿ ಅಂಟಿಸಿದ್ದರು. ಅದರಲ್ಲಿ ಅವನು ದಿನವೂ ಬೆಳಿಗ್ಗೆ ಐದು ನಿಮಿಷ ಆಶ್ಚರ್ಯಪಡುವುದನ್ನು ಅಭ್ಯಾಸ ಮಾಡುತ್ತಿದ್ದ. ಒಂದೇ ಸಂಗತಿಗೆ ವರ್ಷಕ್ಕೆ ಮುನ್ನೂರು ಸಲ ಹೊಸದಾಗಿ ಬೆರಗಾಗುವುದು ಹುಡುಗಾಟದ ಮಾತಲ್ಲ.

ಅವನು ಆ ಬಸ್ಸಿನ ಗೈಡು. ಆಫೀಸಿನಲ್ಲಿ ಎಲ್ಲರೂ ಅವನನ್ನು 'ಈಗಷ್ಟೇ' ಎಂದೇ ಕರೆಯುತ್ತಿದ್ದರು. ಸಂಬಳದ ಲಕೋಟೆಯ ಮೇಲೂ ಹಾಗೇ ಬರೆದಿರುತ್ತಿತ್ತು. ಐವತ್ತರ ಆಸುಪಾಸು, ಬಡಕಲು ಮೈ, ಆದರೆ ದನಿ ಮಾತ್ರ ಎರಡು ಆಳಿನದು. ಅವನ ಹೆಂಡತಿ ಹೊಲಿಗೆಯವಳು. ಒಂದೇ ಕೋಣೆಯ ಮನೆ, ಬಾಗಿಲಿಗೆ ಅಡ್ಡವಾಗಿ ಹೊಲಿಗೆ ಯಂತ್ರ. ಒಳಗೆ ಹೋಗಬೇಕಾದವರು ಅವಳ ಕಾಲು ದಾಟಿಯೇ ಹೋಗಬೇಕು, ದಾಟುವ ಮುಂಚೆ ಚಿರತೆಯ ಕತೆ ಕೇಳಲೇಬೇಕು.

"ನಮ್ಮನೆಯವರ ಗುರುತು ಅದಕ್ಕೆ ಚೆನ್ನಾಗಿದೆ ದೊಡ್ಡಮ್ಮ," ಎನ್ನುತ್ತಿದ್ದಳು ಬಾಯಲ್ಲಿ ಸೂಜಿ ಕಚ್ಚಿಕೊಂಡು. "ಬೇರೆ ಗೈಡುಗಳು ಹೋದ್ರೆ ಹೊರಗೇ ಬರಲ್ವಂತೆ."

ಆ ಗುರುತಿನ ಗುಟ್ಟು ನನಗೆ ಒಂದು ತಿಂಗಳಲ್ಲಿ ತಿಳಿಯಿತು. ಆಗಲೇ ಹತ್ತು ವರ್ಷ ಆ ಕಾಡಿಗೆ ಹೋಗಿ ಬಂದಿದ್ದರೂ ಅವನು ಚಿರತೆಯನ್ನು ಒಮ್ಮೆಯೂ ಕಂಡಿರಲಿಲ್ಲ. ನನಗೆ ಅವನೇ ಹೇಳಿದ. ಪೊಟ್ಟಣ ಕಟ್ಟುವವಳಿಗೆ ಸುಳ್ಳು ಹೇಳಿ ಏನು ಲಾಭ ಅಂದುಕೊಂಡನೋ ಏನೋ.

ಅವನ ಕಸುಬಿನ ಕ್ರಮ ಹೀಗಿತ್ತು. ಆರೂವರೆಗೆ ಬಸ್ಸು ಹೊರಡಬೇಕು. ಹತ್ತು ಗಂಟೆಗೆ ಕಾಡಿನ ಗೇಟು, ಹತ್ತೂಕಾಲಿಗೆ ನೀರಿನ ತೊಟ್ಟಿಯ ಹತ್ತಿರದ ತಿರುವು. ಅಲ್ಲಿ ಅವನು ಮೀಸೆ ಡ್ರೈವರನ ಹೆಗಲು ಎರಡು ಸಲ ತಟ್ಟುತ್ತಾನೆ. ಎಂಜಿನ್ ಬಂದ್. ಇವನು ತುಟಿಯ ಮೇಲೆ ಬೆರಳಿಟ್ಟು, "ಶ್! ಯಾರೂ ಮಿಸುಕಾಡ್ಬೇಡಿ, ಉಸಿರು ಬಿಡ್ಬೇಡಿ," ಎನ್ನುತ್ತಾನೆ. ನಲವತ್ತು ಜನ ಉಸಿರು ಕಟ್ಟುತ್ತಾರೆ. ಇಪ್ಪತ್ತರ ತನಕ ಮನಸ್ಸಿನಲ್ಲೇ ಎಣಿಸಿ, ಎದೆಗೆ ಕೈ ಹಚ್ಚಿ, "ಅಯ್ಯೋ! ಎಡಗಡೆ ನೋಡಿ, ಈಗಷ್ಟೇ ಹೋಯ್ತು! ಹುಲ್ಲು ಇನ್ನೂ ಅಲ್ಲಾಡ್ತಿದೆ ನೋಡಿ!" ಎನ್ನುತ್ತಾನೆ. ಹುಲ್ಲು ಅಲ್ಲಾಡುತ್ತಲೇ ಇರುತ್ತದೆ. ಬೀಸುವ ಗಾಳಿಗೆ ಹುಲ್ಲಿಗೇನು ಬೇರೆ ಕೆಲಸ?

ಮುಂದಿನದನ್ನು ಪ್ರಯಾಣಿಕರೇ ಮಾಡಿಕೊಳ್ಳುತ್ತಿದ್ದರು. ಒಬ್ಬರಿಗೆ ಬಾಲ ಕಾಣುತ್ತಿತ್ತು. ಪಕ್ಕದವರಿಗೆ ಕಿವಿ. ಬಾಲ ಕಂಡವರಿಗಿಂತ ತಾವೇನು ಕಡಿಮೆ ಎಂದು ಹಿಂದಿನ ಸೀಟಿನವರು ಎರಡು ಮರಿ ಸೇರಿಸುತ್ತಿದ್ದರು. ಏನೂ ಕಾಣದ ಪ್ರಾಮಾಣಿಕರು ಯಾರಾದರೂ ಮುಖ ಸಪ್ಪೆ ಮಾಡಿಕೊಂಡರೆ, ಅವರಿಗೆ ಅವನ ಇನ್ನೊಂದು ಮಾತು ಸಿದ್ಧವಾಗಿತ್ತು. "ನೀವು ಅದನ್ನ ನೋಡ್ಲಿಲ್ಲ ಅಂತ ಬೇಜಾರಾಗ್ಬೇಡಿ. ಅದು ನಿಮ್ಮನ್ನ ನೋಡಿದೆ." ಈ ಮಾತು ಕೇಳಿ ಎಂಥವರೂ ಕಾಲರ್ ಸರಿಮಾಡಿಕೊಳ್ಳುತ್ತಿದ್ದರಂತೆ. ನೋಡುವುದಕ್ಕಿಂತ ನೋಡಿಸಿಕೊಳ್ಳುವುದರಲ್ಲಿಯೇ ಜನಕ್ಕೆ ಸುಖ ಹೆಚ್ಚು.

ಒಂಬತ್ತು ವರ್ಷ ಹೀಗೇ ನಡೆಯಿತು. ಆಮೇಲೆ ದೊಡ್ಡ ಯಜಮಾನರು ಮನೆಯಲ್ಲಿ ಕೂತರು, ಮಗ ಕುರ್ಚಿಗೆ ಬಂದ. ಸಣ್ಣ ಯಜಮಾನನಿಗೆ ಎಲ್ಲವೂ ಕಾಗದದ ಮೇಲೆ ಇರಬೇಕು. ಬಂದ ವಾರವೇ ಒಂದು ನಮೂನೆ ಅಚ್ಚು ಹಾಕಿಸಿದ. ತಲೆಯಲ್ಲಿ 'ನಾನು ಕಣ್ಣಾರೆ ನೋಡಿದ ಪ್ರಾಣಿ', ಕೆಳಗೆ ಗೈಡಿನ ಸಹಿ. ಹಂಗಾಮು ಮುಗಿಯುವುದರೊಳಗೆ ಯಾರ ಹಾಳೆಯಲ್ಲಿ ಚಿರತೆ ಇರುವುದಿಲ್ಲವೋ ಅವರು ಬಸ್ಸಿನಿಂದ ಇಳಿಯಬೇಕು, ಆ ಜಾಗಕ್ಕೆ ಮಾತಾಡುವ ಡಬ್ಬಿ ಕೂರಿಸುತ್ತೇನೆ ಎಂದ.

ಉಳಿದ ಇಬ್ಬರು ಗೈಡುಗಳ ಹಾಳೆಯಲ್ಲಿ ಚಿರತೆಗಳು ಅಣಬೆಯ ಹಾಗೆ ಎದ್ದವು. ಕಾಡಿಗೆ ರಜೆ ಇದ್ದ ಮಂಗಳವಾರವೂ ಒಬ್ಬನಿಗೆ ಎರಡು ಕಂಡಿದ್ದವು. ಸಣ್ಣ ಯಜಮಾನ ಅವನ ಬೆನ್ನು ತಟ್ಟಿದ. ಈಗಷ್ಟೇಯ ಹಾಳೆಯಲ್ಲಿ ಮಾತ್ರ ಜಿಂಕೆ, ಕೋತಿ, ಜಿಂಕೆ, ಮತ್ತೆ ಕೋತಿ.

"ಬಾಯಲ್ಲಿ ಹತ್ತೊಂಬತ್ತು ವರ್ಷ ಓಡಿಸಿದ್ದೀಯ ಆ ಪ್ರಾಣೀನ," ಎಂದ ಮೀಸೆ ಡ್ರೈವರ್, ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಾ. "ಒಂದೇ ಒಂದು ಸಲ ಪೆನ್ನಲ್ಲಿ ಓಡ್ಸೋಕೆ ನಿಂಗೇನು ದಾಡಿ?"

"ಬಾಯಲ್ಲಿ ನಾನು ಹೋಯ್ತು ಅಂತೀನಿ. ನೋಡ್ದೆ ಅಂತ ಯಾವತ್ತಾದ್ರೂ ಅಂದಿದ್ದೀನಾ? ಹೇಳು, ನೀನೂ ಅಲ್ಲೇ ಇರ್ತೀಯಲ್ಲ."

"ಓಹೋ! ಇವ್ನೊಬ್ಬ ಸತ್ಯವಂತ. ದೊಡ್ಡಮ್ಮ, ಇವನಿಗೊಂದು ಹಾರ ಹಾಕಿ."

"ಕಾಡಲ್ಲಿ ಚಿರತೆ ಇದೆ. ಇದ್ಮೇಲೆ ಯಾವತ್ತೋ ಒಂದಿನ ಆ ಕಡೆ ಹೋಗೇ ಇರುತ್ತೆ. ಅದರಲ್ಲಿ ಸುಳ್ಳೇನು ಬಂತು? ಆದ್ರೆ ಇಲ್ಲಿ ಕಣ್ಣಾರೆ ಅಂತ ಅಚ್ಚು ಹಾಕ್ಸಿದ್ದಾರೆ. ಕೆಳಗೆ ನನ್ನ ಸಹಿ."

"ಹಾಗಾದ್ರೆ ಕಣ್ಣಾರೆ ಮನೇಲಿ ಕೂತ್ಕೊ," ಎಂದು ಡ್ರೈವರ್ ಸಿಪ್ಪೆಯನ್ನು ನನ್ನ ಕಸದ ಡಬ್ಬಿಗೆ ಗುರಿಯಿಟ್ಟು, ತಪ್ಪಿಸಿ, ಎದ್ದು ಹೋದ.

ನಾನೂ ಬುದ್ಧಿ ಹೇಳಿ ನೋಡಿದೆ. ಅವನು ಕೇಳಲಿಲ್ಲ. ಹೆಂಡತಿಗೆ ನಮೂನೆಯ ವಿಷಯವನ್ನೇ ಹೇಳಿರಲಿಲ್ಲ. ಹೇಳಿದರೆ ಅವಳು, "ಅಷ್ಟೇ ತಾನೇ? ನಿನ್ನೆದು ಬರೀರಿ, ಮೊನ್ನೆದು ಬರೀರಿ," ಅನ್ನುತ್ತಿದ್ದಳು. ಅದೇ ಅವನ ಹೆದರಿಕೆ. ಮೈಕು ಕೈ ತಪ್ಪಿದರೆ ಅವನು ಏನೂ ಅಲ್ಲ. ಮೈಕು ಉಳಿಯಬೇಕಾದರೆ ಒಂದು ಚಿರತೆ ಬೇಕು. ದಿನಗಳು ಉರುಳಿ ಹಂಗಾಮಿನ ಕೊನೆಯ ಬಸ್ಸು ಬಂತು.

ದಿನವೂ ಪೊಟ್ಟಣ ಹಂಚುತ್ತಿದ್ದ ಕಾಡಿನ ಕ್ಯಾಂಟೀನಿನವರು ಆ ದಿನ ಬಾಗಿಲು ಮುಚ್ಚಿದ್ದರು. ಹಂಚುವುದಕ್ಕೆ ನಾನೇ ಹೋಗಬೇಕಾಯಿತು. ನಲವತ್ತೆರಡು ಪೊಟ್ಟಣ. ಒಂದೊಂದರಲ್ಲೂ ನಾಲ್ಕು ತುಂಡು ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು. ಬುಟ್ಟಿಯನ್ನು ಬಸ್ಸಿನ ಹಿಂಬಾಗಿಲಿನ ಗೂಡಿನಲ್ಲಿಟ್ಟು, ಅದರ ಮುಂದೆ ಕೊನೆಯ ಸೀಟಿನಲ್ಲಿ ಕೂತೆ.

ಹತ್ತೂಕಾಲಿಗೆ ತಿರುವು ಬಂತು. ಹೆಗಲ ಮೇಲೆ ಎರಡು ಪೆಟ್ಟು. ಎಂಜಿನ್ ಬಂದ್. "ಶ್! ಯಾರೂ ಮಿಸುಕಾಡ್ಬೇಡಿ, ಉಸಿರು ಬಿಡ್ಬೇಡಿ." ನಲವತ್ತು ತಲೆಗಳು ಎಡಕ್ಕೆ ತಿರುಗಿದವು. ಗೋಡೆಯ ಈಚೆಯಿಂದ ಒಂಬತ್ತು ವರ್ಷ ಕೇಳಿದ ನಾಟಕ, ನಾನೇನು ನೋಡಲಿ ಎಂದು ಸುಮ್ಮನೆ ಬುಟ್ಟಿ ಎಣಿಸಿದೆ. ನಲವತ್ತೊಂದೇ ಇದ್ದವು. ಮತ್ತೆ ಎಣಿಸಿದೆ. ನಲವತ್ತೊಂದು. ಹಿಂಬಾಗಿಲಿನ ಚಿಲಕ ಸಡಿಲವಾಗಿ ಒಂದು ಗೇಣು ಸಂದಿ ಬಿಟ್ಟಿತ್ತು. ಎಲ್ಲಾದರೂ ಬಿತ್ತೇನೋ ಎಂದು ಹಿಂದಿನ ಗಾಜಿನಲ್ಲಿ ನೋಡಿದೆ.

ಪೊಟ್ಟಣ ಹದಿನೈದು ಹೆಜ್ಜೆ ಹಿಂದೆ ರಸ್ತೆಯಲ್ಲಿ ಬಿದ್ದಿತ್ತು. ಅದರ ಮುಂದೆ ಚಿರತೆ ಕೂತಿತ್ತು.

ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಚಿತ್ರದಲ್ಲಿರುವಷ್ಟು ದೊಡ್ಡದಲ್ಲ. ಎಡಕಿವಿಯ ತುದಿ ಹರಿದಿತ್ತು. ಹೊಟ್ಟೆಯ ಬದಿಗೆ ಒಣ ಕೆಸರು ಮೆತ್ತಿತ್ತು. ಮುಂಗಾಲಿನಿಂದ ಕಾಗದ ಹಿಡಿದು ಹಲ್ಲಿನಿಂದ ಸೀಳಿತು, ಮೊಟ್ಟೆಯನ್ನು ಉರುಳಿಸಿ ಉರುಳಿಸಿ ಮೂಸಿ ತಿಂದಿತು. ಬ್ರೆಡ್ಡು ಮೂಸಿ ಬಿಟ್ಟಿತು. ಆಮೇಲೆ ಬಾಯಿ ಅಗಲಿಸಿ ಆಕಳಿಸಿತು. ಒಂದು ಬಸ್ಸು, ಅದರಲ್ಲಿ ನಲವತ್ತು ಜನ, ಇಷ್ಟು ಹತ್ತಿರ ನಿಂತಿದೆ ಎಂಬ ಮರ್ಯಾದೆಗಾದರೂ ಒಮ್ಮೆ ನಮ್ಮ ಕಡೆ ಕತ್ತು ತಿರುಗಿಸಲಿಲ್ಲ. ಎದ್ದು ಬಲಗಡೆಯ ಪೊದೆಯೊಳಗೆ ಹೋಯಿತು.

ನಾನೇಕೆ ಕೂಗಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಹೇಗೆ ಕೂಗಲಿ? ಉಸಿರು ಬಿಡಬೇಡಿ ಎಂದಿದ್ದನಲ್ಲ. ಹೇಳಿದ ಮಾತು ಕೇಳಿ ಅಭ್ಯಾಸ ನನಗೆ. ಕೊನೆಯ ಬಸ್ಸೆಂದು ಅವನು ಎಣಿಕೆ ಎಳೆದನೋ ಏನೋ, ನಾನು ಉಸಿರು ಬಿಡುವುದಕ್ಕೂ ಅವನ ಇಪ್ಪತ್ತು ಮುಗಿಯುವುದಕ್ಕೂ ಸರಿಹೋಯಿತು.

"ಅಯ್ಯೋ! ಎಡಗಡೆ ನೋಡಿ, ಈಗಷ್ಟೇ ಹೋಯ್ತು!"

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ನಿಜವಾಗಿತ್ತು. ದಿಕ್ಕೊಂದು ತಪ್ಪಿತ್ತು, ಅಷ್ಟೆ. ನನ್ನ ಮುಂದಿನ ಸೀಟಿನ ಹೆಂಗಸು, "ಕಂಡ್ತು, ಕಂಡ್ತು! ಬಾಲ!" ಎಂದು ಗಂಡನ ತೊಡೆಗೆ ಹೊಡೆದಳು.

ಊಟಕ್ಕೆ ಬಸ್ಸು ನಿಂತಾಗ ಅವನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವನ ಮುಖ ಸುಣ್ಣವಾಯಿತು. ಮೀಸೆ ಡ್ರೈವರ್ ಕುಣಿದಾಡಿದ. "ಬರಿಯೋ ಮಾರಾಯ, ಬರಿ! ದೇವರು ಬಾಯಿಗೇ ತಂದಿಟ್ಟಿದ್ದಾನೆ. ಇನ್ನೂ ಅಗಿದು ಕೊಡ್ಬೇಕಾ?"

ವಾಪಸು ಬರುವಾಗ ಅದೇ ತಿರುವಿನಲ್ಲಿ ಬಸ್ಸು ನಿಲ್ಲಿಸಿದರು. ಇಳಿಯುವ ಹಾಗಿಲ್ಲವಲ್ಲ, ಬಾಗಿಲ ಮೆಟ್ಟಿಲ ಮೇಲೆ ನಿಂತೇ ನೋಡಿದ. ಸೀಳಿದ ಕಾಗದ, ನಾಲ್ಕು ತುಂಡು ಬ್ರೆಡ್ಡು, ಬಾಳೆಹಣ್ಣು. ಮೊಟ್ಟೆ ಇಲ್ಲ. ಮಣ್ಣಿನ ಮೇಲೆ ಅಂಗೈಯಗಲದ ಹೆಜ್ಜೆ. ಬಹಳ ಹೊತ್ತು ನೋಡಿದ. ಮೈಕು ಕೈಯಲ್ಲೇ ಇತ್ತು.

ಆಫೀಸಿಗೆ ಬಂದು ನಮೂನೆ ತೆಗೆದು ನನ್ನ ಮುಂದಿಟ್ಟ. "ನೋಡಿದೋರು ನೀವು. ನೀವೇ ಬರೀರಿ ದೊಡ್ಡಮ್ಮ."

"ಲೋ, ಇದು ನಿನ್ನ ಹಾಳೆ ಕಣೋ. ನನ್ನಕ್ಷರ ಕೋಳಿ ಕೆದರಿದ ಹಾಗಿರುತ್ತೆ."

"ಕೋಳಿನಾದ್ರೂ ಸುಳ್ಳು ಹೇಳಲ್ಲ. ಬರೀರಿ."

ಪೊಟ್ಟಣಗಳ ಮೇಲೆ 'ಮೊಟ್ಟೆ ಇದೆ', 'ಮೊಟ್ಟೆ ಇಲ್ಲ' ಎಂದು ಬರೆದು ಬರೆದು ಕೂಡಿಸಿಕೊಂಡ ಅಕ್ಷರ ನನ್ನದು. ಬರೆದೆ. 'ಚಿರತೆ ಒಂದು. ಮೊಟ್ಟೆ ತಿಂತು. ಬ್ರೆಡ್ಡು ಬಿಡ್ತು. ಬಲಗಡೆ ಹೋಯ್ತು.' ಗೈಡಿನ ಸಹಿಯ ಜಾಗವನ್ನು ಅವನು ಹಾಗೇ ಖಾಲಿ ಬಿಟ್ಟ.

ಮರುದಿನ ಸಣ್ಣ ಯಜಮಾನ ಇಬ್ಬರನ್ನೂ ಕರೆಸಿದ. ಹಾಳೆಯನ್ನು ಎರಡು ಬೆರಳಲ್ಲಿ, ಒದ್ದೆ ಕರವಸ್ತ್ರದ ಹಾಗೆ ಹಿಡಿದುಕೊಂಡಿದ್ದ.

"ಕಾಡುಪ್ರಾಣಿಗೆ ತಿಂಡಿ ಹಾಕಿದ್ದೀರಾ?"

"ಹಾಕಿಲ್ಲ ಸಾರ್. ಬಿತ್ತು," ಎಂದೆ ನಾನು.

"ಬಿದ್ದಿದ್ದನ್ನ ತಿಂತಲ್ವಾ? ಕಾಡಿನವರು ನೋಡಿದ್ರೆ ನಮ್ಮ ಬಸ್ಸನ್ನ ಗೇಟಿನೊಳಕ್ಕೆ ಬಿಡ್ತಾರಾ? ಸಾಲದ್ದಕ್ಕೆ ಅದನ್ನ ಅಕ್ಷರದಲ್ಲಿ ಬರೆದು ಕೊಟ್ಟಿದ್ದೀರಲ್ಲ! ಉಳಿದ ಇಬ್ಬರ ಚಿರತೆ ನೋಡಿ. ವಾರಕ್ಕೆ ಮೂರು ಬರುತ್ತೆ. ಒಂದಾದ್ರೂ ನಮ್ಮ ಮೊಟ್ಟೆ ಮುಟ್ಟಿದ್ಯಾ?"

ಆ ಚಿರತೆಗಳು ನಿಜವಾಗಿಯೂ ಬಹಳ ಶಿಸ್ತಿನವು. ಹಾಳೆಯಿಂದ ಹೊರಗೆ ಕಾಲಿಟ್ಟವಲ್ಲ.

ಹೀಗೆ, ನಮ್ಮ ಆಫೀಸಿನ ಒಂದೇ ಒಂದು ನಿಜವಾದ ಚಿರತೆಯ ದೆಸೆಯಿಂದ ಅವನು ಬಸ್ಸಿನಿಂದ ಇಳಿದ. ನನ್ನನ್ನು ಬಿಡಿಸಲಿಲ್ಲ. ಪೊಟ್ಟಣ ಕಟ್ಟುವ ಡಬ್ಬಿ ಇನ್ನೂ ಬಂದಿಲ್ಲವಲ್ಲ. ಆದರೆ ಮಾತಾಡುವ ಡಬ್ಬಿಗೆ ಯಾರದಾದರೂ ದನಿ ಬೇಕಿತ್ತು. ಪ್ರಯಾಣಿಕರಿಗೆ ಮೆಚ್ಚುಗೆಯಾದ ದನಿ ಅವನದೊಂದೇ. "ಒಂದಿನ ಬಂದು ಎಲ್ಲಾ ಹೇಳಿ ಹೋಗು, ನಿನ್ನ ಹೆಸರು ಉಳಿಯುತ್ತೆ," ಎಂದ ಸಣ್ಣ ಯಜಮಾನ. ಯಾವ ಹೆಸರು ಎಂದು ಹೇಳಿದವನಿಗೂ ಗೊತ್ತಿರಲಿಲ್ಲ.

ಅವನು ಈಗ ಬಂದರಿನ ದೋಣಿ ಟಿಕೆಟ್ಟಿನ ಕಿಟಕಿಯಲ್ಲಿ ಕೂರುತ್ತಾನೆ. ದಪ್ಪ ಗಾಜು. ದಾಟಿ ಹೋಗುವಾಗ ಕೈ ಎತ್ತುತ್ತೇನೆ, ಅವನೂ ಎತ್ತುತ್ತಾನೆ, ಮಾತು ಕೇಳಿಸುವುದಿಲ್ಲ. ನಾವು ಕೊನೆಗೆ ಮಾತಾಡಿದ್ದು ಆ ಡಬ್ಬಿಗೆ ದನಿ ತುಂಬಿದ ದಿನ.

ಆಫೀಸಿನಲ್ಲೆಲ್ಲ ಗದ್ದಲವೆಂದು ನನ್ನ ಕೋಣೆಯನ್ನೇ ಆರಿಸಿದ್ದರು. ಕಿಟಕಿಗೆ ಕಂಬಳಿ ಕಟ್ಟಿ, ನನ್ನ ತಗಡಿನ ಮೇಜಿನ ಮೇಲೆ ಯಂತ್ರ ಇಟ್ಟರು. ಅವನು ಹೆಂಡತಿ ಇಸ್ತ್ರಿ ಮಾಡಿದ ಬಸ್ಸಿನ ಅಂಗಿಯನ್ನೇ ಹಾಕಿಕೊಂಡು ಬಂದಿದ್ದ. ನಾನು ಮೂಲೆಯಲ್ಲಿ ಸದ್ದಿಲ್ಲದೆ ಮೊಟ್ಟೆ ಸುಲಿಯುತ್ತಿದ್ದೆ. ಗೇಟು ಹೇಳಿದ, ಜಿಂಕೆ ಹೇಳಿದ, ನೀರಿನ ತೊಟ್ಟಿ ಹೇಳಿದ. ಗೋಡೆಯಾಚೆ ಪೊರಕೆಯ ಬೀರು ಇದ್ದ ಕಡೆ ತಿರುಗಿ, ಎದೆಗೆ ಕೈ ಹಚ್ಚಿ, ಮೊದಲ ದಿನದಷ್ಟೇ ಜೋರಾಗಿ "ಅಯ್ಯೋ!" ಎಂದು ಆಶ್ಚರ್ಯಪಟ್ಟ. "ಈಗಷ್ಟೇ ಹೋಯ್ತು!" ಅದೂ ಆಯಿತು.

ಉಳಿದದ್ದು ಒಂದೇ ಮಾತು. "ನೀವು ಅದನ್ನ ನೋಡ್ಲಿಲ್ಲ ಅಂತ ಬೇಜಾರಾಗ್ಬೇಡಿ," ಎಂದವನು ಅಲ್ಲಿಗೇ ನಿಂತ. ಯಂತ್ರ ನಡೆಸಲು ಬಂದಿದ್ದ ಹುಡುಗಿ, "ಏನಾಯ್ತು ಸಾರ್?" ಎಂದಳು. ಅವನು ಕೈ ಅಡ್ಡ ಮಾಡಿ ಯಂತ್ರ ನಿಲ್ಲಿಸಿದ. ನನ್ನ ಕಡೆ ಬಂದು ಮೊಟ್ಟೆಯ ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಹರಿದ ಕಿವಿ, ಒಣ ಕೆಸರು, ಆಕಳಿಕೆ, ನಾನು ಅವನಿಗೆ ಎಲ್ಲ ಹೇಳಿದ್ದೆ. ಒಂದನ್ನು ಮಾತ್ರ ಹೇಳಿರಲಿಲ್ಲ, ಅವನೂ ಇಷ್ಟು ದಿನ ಕೇಳಿರಲಿಲ್ಲ.

"ದೊಡ್ಡಮ್ಮ," ಎಂದ, ಮೈಕಿಲ್ಲದ ದನಿಯಲ್ಲಿ. "ಇದು ಡಬ್ಬಿಯೊಳಗೆ ಹೋದ್ಮೇಲೆ ತೆಗೆಯೋಕಾಗಲ್ಲ. ನೀವು ಕಂಡಿದ್ದನ್ನೇ ಹೇಳೋರು, ಅದಕ್ಕೇ ಕೇಳ್ತಿದ್ದೀನಿ. ಮೊಟ್ಟೆ ತಿಂದಾದ್ಮೇಲೆ, ಹೋಗೋಕೆ ಮುಂಚೆ, ಒಂದೇ ಒಂದ್ಸಲನಾದ್ರೂ ಅದು ನಮ್ಮ ಕಡೆ ನೋಡ್ತಾ?"