ಗುಳಿಗೆ ತಂದ ಕೆಮ್ಮು

ಕೆಮ್ಮುವವರ ಕೈಯಿಂದ ನೀವು ಮೀನು ಕೊಳ್ಳುತ್ತೀರಾ? ಸುಳ್ಳು ಹೇಳಬೇಡಿ. ನಾನಂತೂ ಕೊಳ್ಳಲಿಲ್ಲ.

ಭಟ್ಕಳದ ಮೀನು ಪೇಟೆಯಲ್ಲಿ ನಾನು ಬೆಳಕೆ ಊರಿನ ಮಾದೇವಕ್ಕನ ಖಾಯಂ ಗಿರಾಕಿ. (ಚೌಕಾಸಿಯಲ್ಲಿ ಅವಳನ್ನು ಗೆಲ್ಲುವ ಆಸೆ ಬಿಟ್ಟು ಎಷ್ಟೋ ವರ್ಷವಾಯಿತು.) ಈ ವರ್ಷ ಅವಳಿಗೆ ಒಣಕೆಮ್ಮು ಹಿಡಿಯಿತು. ಮಾತಿಗೊಮ್ಮೆ ಕೆಮ್ಮು. ಕೊರೊನಾ ಕಂಡ ನಮಗೆ ಅಷ್ಟು ಸಾಲದೇ? ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಬುಟ್ಟಿಗೆ ಸರಿದರು. ನಾನೂ ಸರಿದೆ, ಮೊಬೈಲ್ ನೋಡುವ ನಾಟಕ ಮಾಡುತ್ತ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಅವಳೇ ಕರೆದಳು.

"ಬನ್ನಿ ಮಾಸ್ತರ್ರೆ, ಕೆಮ್ಮು ಹೋತು. ಬಿಪಿ ಗುಳಿಗೆ ಬಿಟ್ಟೆ."

ಮಗಳಿಗೆ ಆಪರೇಶನ್ ಆಯಿತೆಂದು ಕಾಯ್ಕಿಣಿಯಲ್ಲಿ ಮಗಳ ಮನೆಯಲ್ಲೇ ಒಂದು ತಿಂಗಳು ಇದ್ದಳಂತೆ. ಗುಳಿಗೆ ಬೆಳಕೆಯಲ್ಲೇ ಮರೆತುಹೋಗಿತ್ತು. ಅಲ್ಲಿ ಕೆಮ್ಮು ಮಾಯ. ವಾಪಸ್ ಬಂದು ನುಂಗಲು ಶುರು ಮಾಡಿದರೆ ಮತ್ತೆ ಕೆಮ್ಮು. ಸರಿ, ಗುಳಿಗೆಯನ್ನೇ ಬಿಟ್ಟಳು. ಇದಕ್ಕಿಂತ ಒಳ್ಳೆಯ ರಿಸರ್ಚ್ ಯಾರು ಮಾಡುತ್ತಾರೆ?

ಆದರೆ ಬಿಪಿಯ ಗತಿ? ಗುಳಿಗೆ ಬಿಟ್ಟು ಬಚ್ಚಲಲ್ಲಿ ಬಿದ್ದವರು ನಮ್ಮ ಕೇರಿಯಲ್ಲೇ ಇದ್ದಾರೆ. ನನಗೆ ಹೆದರಿಕೆಯಾಯಿತು. ನಮ್ಮಿಬ್ಬರಿಗೂ ಒಬ್ಬರೇ ಡಾಕ್ಟರು. ಮರುದಿನ ಜೊತೆಗೇ ಹೋದೆವು.

ಡಾಕ್ಟರು ತೋಳಿಗೆ ಎರಡೆರಡು ಸಲ ಪಟ್ಟಿ ಸುತ್ತಿ ನೋಡಿದರು. ಮುಖ ಗಂಭೀರವಾಯಿತು.

"ಬಿಪಿ ತುಂಬಾ ಏರಿದೆ. ಆ ಗುಳಿಗೆಗೆ ಕೆಲವರಿಗೆ ಒಣಕೆಮ್ಮು ಬರ್ತದೆ, ಹೇಳಿದ್ರೆ ಬೇರೆ ಕೊಡ್ತಿದ್ದೆ. ತಿಂಗಳು ತಿಂಗಳು ಬರ್ತೀರಿ, ಹೇಳ್ಲಿಲ್ಲ ಯಾಕೆ?"

"ನೀವು ಬಿಪಿ ನೋಡೋರಲ್ರಾ? ಕೆಮ್ಮಿಂದು ನಿಮ್ಮತ್ರ ಎಂತಕ್ಕೆ ಹೇಳೂದು?"

ನನಗೆ ನಗು ಬಂತು. ಆದರೆ ಓದಿದ ನಾವಾದರೂ ಹೇಳುತ್ತೇವೆಯೇ? "ಬೇರೆ ತೊಂದರೆ ಇಲ್ಲವಲ್ಲ?" ಎಂದು ಡಾಕ್ಟರು ಕೇಳುವ ಹೊತ್ತಿಗೆ ಅವರ ಕೈ ಬೆಲ್ ಮೇಲಿರುತ್ತದೆ, ನಮ್ಮ ಕಣ್ಣು ಬಾಗಿಲ ಮೇಲೆ. "ಇಲ್ಲ ಸರ್" ಎಂದು ಎದ್ದುಬಿಡುತ್ತೇವೆ. ಗುಳಿಗೆಯ ಪೆಟ್ಟಿಗೆಯಲ್ಲಿ ಮಡಚಿಟ್ಟ ಕಾಗದದಲ್ಲಿ ಎಲ್ಲವೂ ಬರೆದಿರುತ್ತದಂತೆ. ಇರುವೆ ಸಾಲಿನಂಥ ಆ ಇಂಗ್ಲಿಷನ್ನು ನಾನು ಇಂದಿಗೂ ಓದಿಲ್ಲ. ಡಾಕ್ಟರಿಗೆ ಆ ಕೆಮ್ಮು ಸೈಡ್ ಎಫೆಕ್ಟ್. ಮಾದೇವಕ್ಕನಿಗೆ ಮಧ್ಯಾಹ್ನವಾದರೂ ಖಾಲಿಯಾಗದ ಬಂಗಡೆ ಬುಟ್ಟಿ.

ಗುಳಿಗೆ ಬದಲಾಯಿತು.

"ಇದಕ್ಕೆ ಕೆಲವರಿಗೆ ಪಾದ ಬಾತುಕೊಳ್ತದೆ. ಬಾತರೆ ನೀವಾಗಿ ಬಿಡಬೇಡಿ, ಬಂದು ಹೇಳಿ," ಎಂದರು ಡಾಕ್ಟರು.

ಮಾದೇವಕ್ಕ ತಲೆಯಾಡಿಸಿದಳು. ಹೊರಗೆ ಬಂದಮೇಲೆ ನನಗಷ್ಟೇ ಕೇಳುವಂತೆ ಹೇಳಿದಳು: "ಪಾದ ಬಾತ್ರೆ ಅಡ್ಡಿಲ್ಲ ಮಾಸ್ತರ್ರೆ. ಕೂತು ಮಾರೂದಲ? ಗಿರಾಕಿಗೆ ಕಾಣೂದಿಲ್ಲ."

ಈಗ ಮೀನಿನ ಕಿವಿರು ಎತ್ತಿ ನೋಡುವ ಮೊದಲು ನಾನು ಅವಳ ಪಾದ ನೋಡುತ್ತೇನೆ.