ಏನೂ ಬರೆಯದ ಒಂದು ಮೊಳ ಜಾಗ

ದ್ರಾಕ್ಷಿತೋಟದ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಚರ್ಚಿನೆದುರಿನ ಯುದ್ಧಸ್ಮಾರಕದ ಬುಡದಲ್ಲಿ ಮೆಲಾನಿ ಹುಕ್ ಮಂಡಿಯೂರಿ ಕೂತಿದ್ದಾರೆ. ಪಕ್ಕದಲ್ಲಿ ಬಿಸಿನೀರಿನ ಬಕೆಟ್ಟು, ಕೈಯಲ್ಲಿ ಮೆದು ಬ್ರಷ್ಷು. ಹೆಸರುಗಳನ್ನೆಲ್ಲ ತೊಳೆದಾಯಿತು. ಈಗ ಅವುಗಳ ಕೆಳಗೆ, ಏನೂ ಬರೆಯದ ಒಂದು ಮೊಳ ಜಾಗವನ್ನು ಉಜ್ಜುತ್ತಿದ್ದಾರೆ.

ಪುರಸಭೆಯ ಪರವಾಗಿ ಬೀದಿ ಗುಡಿಸುವುದು, ಹೂಕುಂಡಗಳಿಗೆ ನೀರು ಹಾಕುವುದು ಅವರ ಕೆಲಸ. ಈ ಕಲ್ಲೂ ಅದರಲ್ಲೇ ಸೇರಿದೆ. ಯಾರೂ ನಿಂತು ನೋಡುವುದಿಲ್ಲ. "ನಾಯಿಗಳು ನಿಲ್ತವೆ. ಅವಕ್ಕೆ ಬೇರೆ ಕೆಲಸ ಇರುತ್ತೆ," ಎಂದು ನಗುತ್ತಾರೆ.

ಫ್ರಾನ್ಸಿನ ಬೇರೆ ಊರುಗಳ ಕಲ್ಲುಗಳ ಮೇಲೆ 'ಫ್ರಾನ್ಸಿಗಾಗಿ ಮಡಿದವರು' ಎಂದಿರುತ್ತದೆ. ನಮ್ಮ ಅಲ್ಸಾಸಿನಲ್ಲಿ ಹಾಗೆ ಬರೆಯಲು ಕೈ ಬರುವುದಿಲ್ಲ. ಎರಡು ಮಹಾಯುದ್ಧಗಳಲ್ಲೂ ಈ ಗಡಿನಾಡು ಜರ್ಮನ್ನರ ಕೈಯಲ್ಲಿತ್ತು; ನಮ್ಮೂರ ಹುಡುಗರು ಹೆಚ್ಚಾಗಿ ಸತ್ತದ್ದು ಜರ್ಮನ್ ಸಮವಸ್ತ್ರದಲ್ಲಿ. ಮೆಲಾನಿಯ ಸೋದರಮಾವ ಎಮಿಲನನ್ನೂ ಎರಡನೆಯ ಯುದ್ಧದಲ್ಲಿ ಜರ್ಮನ್ನರು ಬಲವಂತವಾಗಿ ರಷ್ಯಾದ ಹಿಮಕ್ಕೆ ಕಳಿಸಿದ್ದರು; ಅವನು ಮರಳಲಿಲ್ಲ. ಹಾಗಾಗಿ ನವೆಂಬರಿನ ಸ್ಮರಣೆಯ ದಿನ ಹೆಸರು ಕೂಗಿದಾಗ ಆಯಾ ಮನೆಯವರು "ನಮ್ಮವನು" ಎಂದಷ್ಟೇ ಓಗೊಡುತ್ತಾರೆ.

ಹೋದ ವರ್ಷ ಪುರಸಭೆಗೆ ಅಲ್ಸಾಸಿನಾಚೆಯ ದೂರದೂರಿನ ದುವಾಲ್ ಕಾರ್ಯದರ್ಶಿಯಾಗಿ ಬಂದರು. ಒಳ್ಳೆಯ ಮನುಷ್ಯ. ಕಲ್ಲಿನಲ್ಲಿ ಸಾಲೊಂದು ಬಿಟ್ಟುಹೋಗಿದೆ ಎಂದುಕೊಂಡು ಕಲ್ಲುಕುಟಿಗನನ್ನು ಕರೆಸಿದರು. ಆತ ಖಾಲಿ ಜಾಗದಲ್ಲಿ 'ಫ್ರಾನ್ಸಿಗಾಗಿ' ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋದ. ಅದನ್ನು ಕಂಡ ದಿನ ಮೆಲಾನಿಯ ತಾಯಿ, ತೊಂಬತ್ತು ದಾಟಿದ ಬೆರ್ತ್, ಊಟ ಮುಟ್ಟಲಿಲ್ಲ.

"ಅದನ್ನ ಕೆತ್ತೋದಾದ್ರೆ ಅಣ್ಣನ ಹೆಸರು ತೆಗೆಸಿಬಿಡೇ ಅಂದ್ಲು ಅಮ್ಮ. ಸತ್ತಮೇಲೂ ಅವನಿಗೆ ಇನ್ನೊಂದ್ಸಲ ಬಟ್ಟೆ ಬದಲಾಯಿಸ್ತೀರಾ ಅಂತ."

ಆ ಸಲದ ಸ್ಮರಣೆಯ ದಿನ ಎಮಿಲನ ಹೆಸರು ಬಂತು. ದುವಾಲ್ ತಮ್ಮೂರ ರೂಢಿಯಂತೆ ಗಟ್ಟಿಯಾಗಿ, ಒಬ್ಬರೇ, "ಫ್ರಾನ್ಸಿಗಾಗಿ ಮಡಿದವನು!" ಎಂದುಬಿಟ್ಟರು. ಜನ ತಲೆ ತಗ್ಗಿಸಿದರು. ಬೆರ್ತ್ ಕೂತಿದ್ದ ಗಾಲಿಕುರ್ಚಿಯಿಂದ ತೆಳ್ಳನೆಯ ದನಿ ಬಂತು: "ನಮ್ಮವನು."

ಎಲ್ಲ ಮುಗಿದ ಮೇಲೆ ದುವಾಲ್ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಬೇಜಾರಾಯ್ತಾ ಅಮ್ಮಾ?"

"ಇಲ್ಲ ಮಗಾ. ಈ ಊರಲ್ಲಿ ನನ್ನ ಮಂದ ಕಿವಿಗೆ ಬೀಳೋದು ನಿನ್ನೊಬ್ಬನ ದನಿನೇ. ಇಲ್ಲೇ ಕೂತಿರು, ಎಮಿಲಣ್ಣ ಎಂಥವನು ಅಂತ ಹೇಳ್ತೀನಿ."

ಕತೆ ಕೇಳಿ ಎದ್ದ ದುವಾಲ್, ಕಲ್ಲುಕುಟಿಗನಿಗೆ ಬರಬೇಡವೆಂದು ಅಂದೇ ಹೇಳಿಕಳಿಸಿದರು. ಸುಣ್ಣದ ಅಕ್ಷರಗಳನ್ನು ಒರೆಸಿದ್ದು ಮೆಲಾನಿ. ಅಂದಿನಿಂದ ಆ ಜಾಗವನ್ನೂ ಹೆಸರುಗಳಷ್ಟೇ ಜೋಪಾನವಾಗಿ ತೊಳೆಯುತ್ತಾರೆ. ಯಾಕೆಂದು ಕೇಳಿದರೆ, "ಅಲ್ಲೂ ಧೂಳು ಕೂರುತ್ತಲ್ಲ," ಎನ್ನುತ್ತಾರೆ.

ಬೆರ್ತ್ ಈ ವಸಂತದಲ್ಲಿ ತೀರಿಕೊಂಡರು. ನಾಳೆ ಮತ್ತೆ ಸ್ಮರಣೆಯ ದಿನ. ಬಕೆಟ್ಟಿನ ಆರಿದ ನೀರನ್ನು ಗುಲಾಬಿ ಗಿಡದ ಬುಡಕ್ಕೆ ಸುರಿದು ಮೆಲಾನಿ ಸೊಂಟ ನೇರ ಮಾಡಿಕೊಳ್ಳುತ್ತಾರೆ.

"ಈ ಸಲ ಮಾವನಿಗೆ ನಾನೇ ಓಗೊಡಬೇಕು. ಇರೋದು ಒಂದೇ ಮಾತು. ದನಿ ನಡುಗದೇ ಇದ್ರೆ ಸಾಕು."